ಎರಡು ಮೀಟರ್ ಅಗಲದ ಸಂಸಾರ

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್‌ಗಳನ್ನು ನೀವು ಫೋಟೋದಲ್ಲಾದರೂ ನೋಡಿರುತ್ತೀರಿ. ರೈಲು ಬೋಗಿಯನ್ನು ಉದ್ದುದ್ದಕ್ಕೆ ಸೀಳಿ ನೀರಿಗೆ ಬಿಟ್ಟ ಹಾಗಿರುತ್ತವೆ. ಉದ್ದ 70 ಅಡಿಯವರೆಗೂ ಇರಬಹುದು, ಅಗಲ ಮಾತ್ರ 6 ಅಡಿ 10 ಇಂಚು. ಹದಿನೆಂಟನೇ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ಕಾಲುವೆ ತೋಡಿದವರು ದುಡ್ಡು, ನೀರು ಎರಡೂ ಉಳಿಯಲಿ ಅಂತ ಬಹಳ ಕಡೆ ಏಳು ಅಡಿ ಅಗಲದ ಲಾಕ್‌ಗಳನ್ನೇ ಕಟ್ಟಿದರು. ದೋಣಿಗಳೂ ಅದಕ್ಕೆ ತಕ್ಕ ಹಾಗೆ ಸಣಕಲಾದವು. ಇವತ್ತು ಆ ಕಲ್ಲಿದ್ದಲ ವ್ಯಾಪಾರವೂ ಇಲ್ಲ, ದೋಣಿ ಎಳೆಯುತ್ತಿದ್ದ ಕುದುರೆಗಳೂ ಇಲ್ಲ. ನಮ್ಮಂಥ ನಿವೃತ್ತರು, ಲಂಡನ್ನಿನ ಬಾಡಿಗೆ ಕಟ್ಟಲಾಗದ ಹುಡುಗರು, ಒಂಟಿ ಜೀವಗಳು ಅದೇ ಅಳತೆಯೊಳಗೆ ಸಂಸಾರ ಹೂಡಿದ್ದೇವೆ.

6 ಅಡಿ 10 ಇಂಚು ಅಂದರೆ ಎರಡು ಮೀಟರಿಗೆ ಒಂದಿಷ್ಟು ಚಿಲ್ಲರೆ ಹೆಚ್ಚು. 2020ರ ಮಾರ್ಚಿನಲ್ಲಿ ಸರ್ಕಾರ "ಒಬ್ಬರಿಂದ ಒಬ್ಬರು ಎರಡು ಮೀಟರ್ ದೂರ ಇರಿ" ಅಂದಾಗ ನಮ್ಮವರು, "ನಮ್ಮ ಇಡೀ ಮನೆಯೇ ಅಷ್ಟಗಲ ಇದೆಯಲ್ಲೇ ಮಾರಾಯ್ತಿ, ನಾನೆಲ್ಲಿಗೆ ಹೋಗಲಿ?" ಅಂತ ನಕ್ಕಿದ್ದರು.

ಇವರು ಕವೆಂಟ್ರಿಯಲ್ಲಿ ಕಾರು ಕಾರ್ಖಾನೆಯ ಎಂಜಿನಿಯರ್ ಆಗಿದ್ದವರು. ನಾನು ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ 28 ವರ್ಷ ಮಾತ್ರೆ ಎಣಿಸಿದವಳು. ನಿವೃತ್ತಿಯಾದ ಮರುವರ್ಷ, 2018ರಲ್ಲಿ, 57 ಅಡಿಯ ಸೆಕೆಂಡ್ ಹ್ಯಾಂಡ್ ದೋಣಿ ಕೊಂಡೆವು. 2019ರ ಸೆಪ್ಟೆಂಬರಿನಲ್ಲಿ ಮನೆಯನ್ನು ಎರಡು ವರ್ಷಕ್ಕೆ ಬಾಡಿಗೆಗೆ ಕೊಟ್ಟು ಪೂರ್ತಿಯಾಗಿ ನೀರಿಗಿಳಿದೆವು. ಕನ್ನಡ ಬಳಗದ ಸ್ನೇಹಿತರು ನಂಬಲೇ ಇಲ್ಲ. "ಅಷ್ಟು ಚೆಂದದ ಮನೆ ಬಿಟ್ಟು? ಮಳೆ ಬಂದರೆ? ಅದಿರಲಿ, ಟಾಯ್ಲೆಟ್ಟಿಗೆ ಏನ್ಮಾಡ್ತೀರಿ?" ಎಲ್ಲರ ಪ್ರಶ್ನೆಯೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಸೂಟ್‌ಕೇಸಿನಂಥ ಒಂದು ಡಬ್ಬಿ ಇರುತ್ತದೆ, ಅದಕ್ಕೆ ಕ್ಯಾಸೆಟ್ ಅಂತ ಹೆಸರು. ತುಂಬಿದಾಗ ಹೊತ್ತುಕೊಂಡು ಹೋಗಿ, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆದು ತರಬೇಕು. ಇದನ್ನು ಕೇಳಿದ ಮೇಲೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ದೋಣಿಗೆ 'ತುಂಗಾ' ಅಂತ ಹೆಸರಿಟ್ಟೆವು, ನಾನು ತೀರ್ಥಹಳ್ಳಿಯವಳು. ಕಾಲುವೆಯಲ್ಲಿ ಜನರನ್ನು ಗುರುತಿಸುವುದು ದೋಣಿಯ ಹೆಸರಿನಿಂದ. ನಮ್ಮೂರಲ್ಲಿ ಮೇಲಿನಮನೆಯವರು, ಹೊಳೆಬಾಗಿಲಿನವರು ಅನ್ನುತ್ತಾರಲ್ಲ, ಹಾಗೆ. ನಾವು ಎಲ್ಲರಿಗೂ 'ಟಂಗಾ'ದವರು. ನಮ್ಮ ಪಕ್ಕದಲ್ಲಿ ನಿಲ್ಲುತ್ತಿದ್ದವರು 'ಕಿಂಗ್‌ಫಿಷರ್'ನವರು. ಅಜ್ಜ ಲಾರಿ ಓಡಿಸಿದ್ದವರು, ಅಜ್ಜಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದವರು, ಹತ್ತೊಂಬತ್ತು ವರ್ಷದಿಂದ ದೋಣಿಯೇ ಮನೆ. ನಾನೊಮ್ಮೆ ಶಿವಮೊಗ್ಗದ ಅತ್ತಿಗೆಗೆ ಫೋನಿನಲ್ಲಿ "ಯೋಚನೆ ಮಾಡಬೇಡಿ ಅತ್ತಿಗೆ, ಜೊತೆಗೆ ಕಿಂಗ್‌ಫಿಷರ್ ಇದೆ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಇಬ್ಬರೂ ಕುಡಿಯೋಕೆ ಶುರು ಮಾಡಿದ್ರಾ?" ಅಂತ ಕೇಳಿದರು. ಬೆಂಗಳೂರಿನ ಬಿಯರ್ ಅಷ್ಟು ಪ್ರಸಿದ್ಧ.

ಸ್ವಂತ ಕಟ್ಟೆ ಇಲ್ಲದ ನಮ್ಮಂಥ ದೋಣಿಯವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, 1995ರ ಕಾಯ್ದೆಯೇ ಹಾಗಿದೆ. ಹಾಗಾಗಿ ಕಾಲುವೆಯ ಸ್ನೇಹ ಬಸ್ ಸ್ಟ್ಯಾಂಡಿನ ಸ್ನೇಹದಂತೆ. ಸಿಕ್ಕಾಗ ಮಾತು, ಹೊರಟಾಗ ಕೈಬೀಸು, ಮತ್ತೆ ಯಾವುದೋ ಸೇತುವೆಯ ಹತ್ತಿರ ಭೇಟಿ. ಇನ್ನೊಬ್ಬರ ದೋಣಿಯೊಳಗೆ ಹೋಗಿ ಕೂರುವುದು ಅಪರೂಪ, ದಡದ ಮೇಲೇ ಎಲ್ಲ. ನಮ್ಮ ಕನ್ನಡದ ಸ್ನೇಹಗಳು ಹಾಗಲ್ಲ. ಮನೆಗೆ ಕರೆಯಬೇಕು, ನಾಲ್ಕು ಬಗೆ ಅಡುಗೆ ಮಾಡಬೇಕು, ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನರ್ಧ ಗಂಟೆ ಮಾತಾಡಬೇಕು. ಅದರ ಮುಂದೆ ಕಾಲುವೆಯ ಗೆಳೆತನ ತೀರಾ ತೆಳು ಅಂತ ನನಗೆ ಅನ್ನಿಸುತ್ತಿತ್ತು.

ಮಾರ್ಚ್ 23ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ನಾವು ಗ್ರಾಂಡ್ ಯೂನಿಯನ್ ಕಾಲುವೆಯಲ್ಲಿ, ಸೋಲ್ಬರಿಯ ಮೂರು ಲಾಕ್‌ಗಳ ಮೇಲ್ಗಡೆ ನಿಂತಿದ್ದೆವು. ಕಾಲುವೆ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟಿನವರು 14 ದಿನದ ನಿಯಮ ಸದ್ಯಕ್ಕಿಲ್ಲ, ನೀರು ತುಂಬಿಸುವಂಥ ಅಗತ್ಯಕ್ಕೆ ಬಿಟ್ಟು ಯಾರೂ ಕದಲಬೇಡಿ ಅಂದರು. ಹೋಗೋಣವೆಂದರೆ ಕವೆಂಟ್ರಿ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಇವರಿಗೆ ಎಪ್ಪತ್ತು, ಜೊತೆಗೆ ಸಕ್ಕರೆ ಕಾಯಿಲೆ. ಹೀಗೆ ಓಡಾಡಲೆಂದು ದೋಣಿ ಹತ್ತಿದ ನಾವು ಒಂದೇ ಆಲದ ಮರದ ಕೆಳಗೆ ಕೂತ ಬೈರಾಗಿಗಳಂತೆ ಕೂತುಬಿಟ್ಟೆವು. ನಮ್ಮ ಹಿಂದೆ ಕಿಂಗ್‌ಫಿಷರ್, ಅದರ ಹಿಂದೆ ಹೆಸರೇ ಬರೆಸದ ಒಂದು ಹಸಿರು ದೋಣಿ. ಅದರಲ್ಲಿ ನಲವತ್ತರ ಆಸುಪಾಸಿನ ಒಬ್ಬಳೇ ಹೆಂಗಸು, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ.

ಮಾರನೇ ದಿನವೇ ಅವಳು ತನ್ನ ದೋಣಿಯ ಹಗ್ಗ ಬಿಚ್ಚಿ, ದಡದ ಮೇಲೆ ನಡೆದು ಎಳೆದುಕೊಂಡು ಹೋಗಿ ಇನ್ನೂರು ಮೀಟರ್ ಆಚೆ ಕಟ್ಟಿದಳು. ಕಿಂಗ್‌ಫಿಷರ್ ಅಜ್ಜನ ಶ್ವಾಸಕೋಶ ಆಗಲೇ ಹಾಳಾಗಿತ್ತು, ಸಿಗರೇಟಿನ ಕೊಡುಗೆ. "ನಾನು ದಿನಾ ಎಲ್ಲಿಗೆ ಹೋಗಿ ಬರ್ತೀನಿ ಅಂತ ನಿಮಗೆ ಗೊತ್ತಲ್ಲ" ಅಂತ ದೂರದಿಂದಲೇ ಕೂಗಿ ಹೇಳಿದಳು.

25ಕ್ಕೆ ಯುಗಾದಿ. ಬೇವು ಎಲ್ಲಿಂದ ತರಲಿ? ಮೆಂತ್ಯದ ಕಾಳಿಗೆ ಬೆಲ್ಲ ಸೇರಿಸಿ ಶಾಸ್ತ್ರ ಮುಗಿಸಿದೆ. ಇದ್ದ ಕಡಲೆಬೇಳೆಯಲ್ಲಿ ಒಂಬತ್ತು ಒಬ್ಬಟ್ಟು ಆಯಿತು. ಮೂರು ಕಿಂಗ್‌ಫಿಷರ್‌ಗೆ, ಎರಡು ಹಸಿರು ದೋಣಿಗೆ. ಕಾಗದದಲ್ಲಿ ಸುತ್ತಿ, ದೋಣಿಯ ಚಾವಣಿಯ ಮೇಲಿಟ್ಟು, ಬಡಿದು, ಹಿಂದೆ ಸರಿದು ನಿಂತೆ. ಅವತ್ತಿನಿಂದ ದೋಣಿಯ ಚಾವಣಿಯೇ ನಮ್ಮ ಅಂಚೆಪೆಟ್ಟಿಗೆ. ಹಾಲು, ಮಾತ್ರೆ, ಹಳೆ ಪತ್ರಿಕೆ, ಅಜ್ಜಿಯ ಜ್ಯಾಮ್ ಎಲ್ಲ ಅಲ್ಲೇ ಬಂದು ಕೂರುತ್ತಿದ್ದವು.

ನೆಲದ ಮೇಲಿದ್ದವರಿಗೆ ತಟ್ಟದ ಕೆಲವು ತೊಂದರೆಗಳು ನಮಗಿದ್ದವು. ದೋಣಿಗೆ ಅಂಚೆ ವಿಳಾಸವಿಲ್ಲ. ಅಂಗಡಿಯ ಆನ್‌ಲೈನ್ ಫಾರ್ಮಿನಲ್ಲಿ ಮನೆ ನಂಬರ್ ಹಾಕದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ನಾವು ಹೇಳುವ ವಿಳಾಸ ಸೇತುವೆಯ ನಂಬರ್, ಕಾಲುವೆಯ ಪ್ರತಿ ಸೇತುವೆಗೂ ಒಂದು ನಂಬರ್ ಇರುತ್ತದೆ, ಅದು ಅಂಗಡಿಯ ಕಂಪ್ಯೂಟರಿಗೆ ತಿಳಿಯುವುದಿಲ್ಲ. ತೀರಾ ಅಪಾಯದಲ್ಲಿರುವವರಿಗೆ ಮನೆಯಿಂದ ಹೊರಬೀಳಬೇಡಿ ಅಂತ ಸರ್ಕಾರ ಕಳಿಸಿದ ಪತ್ರ ಅಜ್ಜನಿಗೂ ಬಂತು, ಆದರೆ ಮಿಲ್ಟನ್ ಕೀನ್ಸ್‌ನಲ್ಲಿರುವ ಮಗಳ ಮನೆಗೆ. ದಿನಸಿಯೂ ಅಲ್ಲಿಗೇ. ಮಗಳು ಆಸ್ಪತ್ರೆಯಲ್ಲಿ ನರ್ಸು. ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಸೇತುವೆಯ ಮೇಲೆ ಚೀಲ ಇಟ್ಟು, ಅಪ್ಪ ಅಮ್ಮನಿಗೆ ಅಲ್ಲಿಂದಲೇ ಕೈಬೀಸಿ ಹೋಗುತ್ತಿದ್ದಳು. ಚೀಲ ತರುವುದು ಇವರ ಕೆಲಸ.

ಹೊರಗೆ ಎಂಥ ವಸಂತ ಅಂತೀರಿ! ಆ ವರ್ಷದ ಮೇ ತಿಂಗಳು ಬ್ರಿಟನ್ನಿನ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲಿನ ತಿಂಗಳು. ವಿಮಾನಗಳಿಲ್ಲದ ಆಕಾಶ, ಎಂಜಿನ್ನುಗಳಿಲ್ಲದ ನೀರು. ಬಾತುಕೋಳಿಗಳು ಮರಿಗಳ ಮೆರವಣಿಗೆ ಹೊರಡಿಸಿಕೊಂಡು ಕಿಟಕಿಯ ಹತ್ತಿರ ಬಂದು ಬ್ರೆಡ್ಡಿಗೆ ಜಬರದಸ್ತು ಮಾಡುತ್ತಿದ್ದವು. ಗುರುವಾರ ರಾತ್ರಿ ಎಂಟಕ್ಕೆ ಊರವರೆಲ್ಲ ವೈದ್ಯರು ದಾದಿಯರಿಗಾಗಿ ಚಪ್ಪಾಳೆ ತಟ್ಟುವಾಗ ಅಜ್ಜ ದೋಣಿಯ ಹಾರನ್ ಬಾರಿಸುತ್ತಿದ್ದರು. ಅವರ ಎದೆಯಲ್ಲಿ ಗಾಳಿ ಇರಲಿಲ್ಲ, ಹಾರನ್ನಿನಲ್ಲಿ ಬೇಕಾದಷ್ಟಿತ್ತು. ಹಸಿರು ದೋಣಿಯವಳು ಅದನ್ನು ಕೇಳಿಸಿಕೊಳ್ಳಲು ಇರುತ್ತಿರಲಿಲ್ಲ, ಆ ಹೊತ್ತಿಗೆ ಸೈಕಲ್ ಹತ್ತಿ ಕೆಲಸಕ್ಕೆ ಹೋಗಿರುತ್ತಿದ್ದಳು.

ಏಪ್ರಿಲ್ ಮೊದಲ ವಾರ. ಪ್ರಧಾನಿಯನ್ನೇ ಐಸಿಯುಗೆ ಸೇರಿಸಿದ್ದ ದಿನಗಳು. ಒಂದು ಬೆಳಿಗ್ಗೆ ಅಜ್ಜಿ ದಡದಲ್ಲಿ ನಿಂತು, "ನಿನ್ನೆಯಿಂದ ಅವಳ ಚಿಮಣಿಯಲ್ಲಿ ಹೊಗೆ ಇಲ್ಲ" ಅಂದರು. ನಮಗದು ಗಮನಕ್ಕೇ ಬಂದಿರಲಿಲ್ಲ. ಹಳೆಯ ದೋಣಿಯವರು ಎದ್ದ ಕೂಡಲೇ ಅಕ್ಕಪಕ್ಕದ ಚಿಮಣಿ ನೋಡುತ್ತಾರಂತೆ. ಹೊಗೆ ಇದ್ದರೆ ಎದ್ದಿದ್ದಾರೆ, ಆರಾಮಾಗಿದ್ದಾರೆ. ಬಿಸಿಲಿದ್ದರೂ ಆಗ ಬೆಳಗಿನ ಚಳಿ ಕೊರೆಯುತ್ತಿತ್ತು, ಒಲೆ ಹಚ್ಚದೆ ಯಾರೂ ಇರುತ್ತಿರಲಿಲ್ಲ.

ಪ್ರತಿ ದೋಣಿಯ ಚಾವಣಿಯ ಮೇಲೂ, ಕೆಸರಿನಲ್ಲಿ ಸಿಕ್ಕಿಕೊಂಡಾಗ ತಳ್ಳಿಕೊಳ್ಳಲು, ಹತ್ತಡಿಯ ಒಂದು ಮರದ ಕೋಲು ಇರುತ್ತದೆ. ಇವರು ಅದನ್ನು ಹಿಡಿದು ಹೋಗಿ ಹಸಿರು ದೋಣಿಯ ಕಿಟಕಿಗೆ ದೂರದಿಂದಲೇ ಬಡಿದರು. ಬಹಳ ಹೊತ್ತಿನ ಮೇಲೆ ಪರದೆ ಸರಿಯಿತು. ಜ್ವರ, ಕೆಮ್ಮು, ಮಾತಾಡಲು ತ್ರಾಣವಿಲ್ಲ. ಪರೀಕ್ಷೆ ಆಗಿನ್ನೂ ಎಲ್ಲರಿಗೂ ಸಿಗುತ್ತಿರಲಿಲ್ಲ, ಆದರೆ ಅದೇನೆಂದು ಅವಳಿಗೂ ಗೊತ್ತು, ನಮಗೂ ಗೊತ್ತು.

ನನ್ನ ಹತ್ತಿರ ಆಕ್ಸಿಮೀಟರ್ ಇತ್ತು. ಚೀಲದಲ್ಲಿ ಹಾಕಿ ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟೆವು. ಆ ಕೋಲು ನೋಡಿದಾಗೆಲ್ಲ ನನಗೆ ನಮ್ಮಜ್ಜಿಯ ಮಡಿಕೋಲು ನೆನಪಾಗುತ್ತಿತ್ತು. ಮಡಿಸೀರೆಯನ್ನು ಗಳುವಿನಿಂದ ಇಳಿಸಲು ಅಜ್ಜಿ ಬಳಸುತ್ತಿದ್ದ ಬಿದಿರಿನ ಕೋಲು. ಅಂಗಳದಲ್ಲಿ ಕೆಲಸ ಮಾಡುವವಳು ದೂರ ನಿಲ್ಲಬೇಕು, ಮಕ್ಕಳಾದ ನಾವೂ ಮುಟ್ಟಬಾರದು. ಆ ದೂರದಿಂದ ನಮ್ಮಜ್ಜಿ ಯಾರನ್ನೂ ಕಾಪಾಡಲಿಲ್ಲ, ತನ್ನ ಮಡಿಯೊಂದನ್ನು ಬಿಟ್ಟು.

ದಿನಕ್ಕೆ ಮೂರು ಸಲ ಅವಳು ಕಿಟಕಿಯಿಂದ ಅಂಕಿ ಕೂಗುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. 95. 94. 94. ಐದನೇ ರಾತ್ರಿ 93. ಅದಕ್ಕಿಂತ ಕೆಳಗಿಳಿದರೆ ಆಂಬುಲೆನ್ಸ್ ಅಂತ ಮಾತಾಡಿಕೊಂಡಿದ್ದೆವು. ಆಂಬುಲೆನ್ಸ್ ಬಂದರೂ ಸೇತುವೆಯವರೆಗೆ ಮಾತ್ರ, ಅಲ್ಲಿಂದ ಕಾಲುದಾರಿಯಲ್ಲಿ ಹೊತ್ತೇ ಸಾಗಿಸಬೇಕು. ಇವರು ಟಾರ್ಚ್ ಹಿಡಿದು ಆ ದಾರಿಯಲ್ಲಿ ಎರಡು ಸಲ ನಡೆದು, ಸ್ಟ್ರೆಚರ್ ಎಲ್ಲಿ ತಿರುಗೀತು, ಎಲ್ಲಿ ಜಾರೀತು ಅಂತ ನೋಡಿ ಬಂದರು. ನಾನು ಅವಳ ಕಿಟಕಿಯಿಂದ ಅಷ್ಟು ದೂರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು ಕೂತೆ. ಗಂಟೆಗೊಮ್ಮೆ ಒಳಗಿಂದ "ತೊಂಬತ್ಮೂರು". ಬೆಳಗಿನ ಜಾವಕ್ಕೆ "ತೊಂಬತ್ನಾಲ್ಕು".

ಅವಳು ಏಳುವ ತನಕ ಇವರು ಕ್ಯಾನುಗಳಲ್ಲಿ ನೀರು ಹೊತ್ತರು. ಕೈಗವಸು ಹಾಕಿಕೊಂಡು ಅವಳ ಕ್ಯಾಸೆಟ್ಟನ್ನೂ ಹೊತ್ತುಕೊಂಡು ಹೋಗಿ ತೊಳೆದು ತಂದರು. ನಲವತ್ತು ವರ್ಷದ ಸಂಸಾರದಲ್ಲಿ ನಮ್ಮ ಮನೆಯ ಬಚ್ಚಲು ತೊಳೆಯದ ಮಹಾನುಭಾವರು! ಅದನ್ನು ಹೇಳಿದ್ದಕ್ಕೆ "ಅದು ಬೇರೆ, ಇದು ಬೇರೆ ಕಣೆ" ಅಂದರು. ಏನು ಬೇರೆ ಅಂತ ಇವತ್ತಿಗೂ ವಿವರಿಸಿಲ್ಲ. ಮೂರು ವಾರದ ಮೇಲೆ ಅವಳು ಮತ್ತೆ ರಾತ್ರಿ ಪಾಳಿಗೆ ಹೋದಳು. ಅಷ್ಟರಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಮುದುಕರಲ್ಲಿ ನಾಲ್ಕು ಜನ ಇರಲಿಲ್ಲ.

ಜುಲೈನಲ್ಲಿ ಮತ್ತೆ ಓಡಾಡುವ ಹಾಗಾಯಿತು. ಕಿಂಗ್‌ಫಿಷರ್ ಮತ್ತು ತುಂಗಾ ಜೊತೆಯಾಗಿ ಉತ್ತರಕ್ಕೆ ಹೊರಟವು. ಗ್ರಾಂಡ್ ಯೂನಿಯನ್‌ನ ಈ ಭಾಗದ ಲಾಕ್‌ಗಳು ಅಗಲ, 14 ಅಡಿ. ಎರಡು ನ್ಯಾರೋಬೋಟ್ ಪಕ್ಕಪಕ್ಕದಲ್ಲಿ ನಿಲ್ಲಬಹುದು. ಒಂದೇ ಸಲ ತುಂಬಿಸಿದ ನೀರಿನಲ್ಲಿ ಎರಡೂ ದಾಟಿದರೆ ನೀರೂ ಉಳಿತಾಯ, ಗೇಟು ತಳ್ಳಲು ಜನವೂ ಆಯಿತು. ಗೇಟಿನ ಮರದ ತೊಲೆಯನ್ನು ಕೈಯಿಂದ ತಳ್ಳುವುದಿಲ್ಲ, ಬೆನ್ನು ಕೊಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಈ ಕಡೆಯ ತೊಲೆಗೆ ನಾನು, ಆ ಕಡೆಯದಕ್ಕೆ ಅಜ್ಜಿ. ಕೆಳಗೆ ದೋಣಿಗಳ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ನಿಂತ ಇಬ್ಬರು ಗಂಡಸರು. ಎರಡು ಚುಕ್ಕಾಣಿಗಳ ನಡುವಿನ ದೂರ ಸರಿಯಾಗಿ ಒಂದು ದೋಣಿಯ ಅಗಲ. ಯಾರೂ ಟೇಪ್ ಹಿಡಿದು ಅಳೆಯಬೇಕಾಗಿರಲಿಲ್ಲ. ಸ್ಟೋಕ್ ಬ್ರೂರ್ನ್‌ನ ಏಳು ಲಾಕ್ ಹತ್ತುವಷ್ಟರಲ್ಲಿ ಅಜ್ಜ ಇವರಿಗೆ ಇಂಗ್ಲೆಂಡಿನ ಎಲ್ಲ ಲಾರಿ ಸ್ಟ್ಯಾಂಡುಗಳ ಚಹಾದ ಗುಣದೋಷ ಹೇಳಿ ಮುಗಿಸಿದ್ದರು.

ಅದೇ ಅವರ ಕೊನೆಯ ಪ್ರಯಾಣವಾಯಿತು. ನವೆಂಬರಿನ ಎರಡನೇ ಲಾಕ್‌ಡೌನಿಗೆ ಮೊದಲೇ ನಾವು ಸೋಲ್ಬರಿಗೆ ವಾಪಸಾದೆವು. ಜನವರಿಯಲ್ಲಿ ಮೂರನೆಯದು ಶುರುವಾದ ಮರುವಾರ ಅಜ್ಜನಿಗೆ ಉಸಿರು ಹಿಡಿಯಿತು. ಕೊರೊನಾ ಅಲ್ಲ, ಅದೇ ಹಳೆಯ ಕಾಯಿಲೆ. ಏಪ್ರಿಲ್‌ನಲ್ಲಿ ಇವರು ಟಾರ್ಚ್ ಹಿಡಿದು ನೋಡಿಟ್ಟಿದ್ದ ದಾರಿಯಲ್ಲೇ ಅಜ್ಜನನ್ನು ಹೊತ್ತರು. ಕೆಸರಿತ್ತು. ಎಲ್ಲಿ ಜಾರುತ್ತದೆ ಅಂತ ಇವರು ಮುಂದೆ ನಡೆದು ಹೇಳುತ್ತಾ ಹೋದರು. ಅಜ್ಜಿಗೆ ಸೇತುವೆಯವರೆಗೆ ಮಾತ್ರ ಹೋಗಲು ಸಾಧ್ಯವಾಯಿತು, ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ಆರು ದಿನಕ್ಕೆ ಫೋನ್ ಬಂತು. ಅಂತ್ಯಕ್ರಿಯೆಗೆ ಮೂವತ್ತೇ ಜನ ಅಂತ ನಿಯಮ. ನಾವು ದೋಣಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆವು.

ಒಂಟಿಯಾಗಿರುವವರು ಬೇರೊಂದು ಮನೆಯವರ ಜೊತೆ ಸೇರಿ 'ಬಬಲ್' ಮಾಡಿಕೊಳ್ಳಬಹುದು ಅಂತ ಆಗ ಕಾನೂನಿತ್ತು. ಮಗಳು ಕೋವಿಡ್ ವಾರ್ಡಿನಲ್ಲಿ ದುಡಿಯುತ್ತಿದ್ದಳು. "ಅಮ್ಮ ನನ್ನ ಜೊತೆ ಬೇಡ, ನಿಮ್ಮ ಜೊತೆಗಿರಲಿ" ಅಂತ ಅವಳೇ ಕೇಳಿಕೊಂಡಳು. ಹೀಗೆ ಹತ್ತಡಿ ಆಚೆ ಒಂದು ವರ್ಷ ಬದುಕಿದ ಅಜ್ಜಿ ನಮ್ಮ ದೋಣಿಯೊಳಗೆ ಮೊದಲ ಸಲ ಕಾಲಿಟ್ಟರು. ಗಂಡ ಹೋಗಿದ್ದರಿಂದಲೇ ಸಿಕ್ಕ ಅನುಮತಿ ಅದು. ಬಾಗಿಲಲ್ಲಿ ನಿಂತು, "ನಿಮ್ಮ ಒಲೆ ನಮ್ಮದಕ್ಕಿಂತ ದೊಡ್ಡದು" ಅಂದರು. ಅಷ್ಟೇ. ನಾನು ಅನ್ನ, ತಿಳಿಸಾರು ಬಡಿಸಿದೆ. ಸಾವಿನ ಮನೆಯವರಿಗೆ ಏನು ಹೇಳಬೇಕು ಅಂತ ನನಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಗೊತ್ತಾಗುವುದಿಲ್ಲ, ಸಾರು ಬಡಿಸುವುದು ಗೊತ್ತು. ಎರಡನೇ ಸಲ ಬಡಿಸುವಾಗ ಇದಕ್ಕೆ ಏನೇನು ಹಾಕಿದ್ದೀ ಅಂತ ಕೇಳಿದರು, ಅಡುಗೆ ಕೆಲಸ ಮಾಡಿದವರಲ್ಲವೇ! ಅವತ್ತು ಶುಕ್ರವಾರ. ಮುಂದಿನ ಶುಕ್ರವಾರವೂ ಬಂದರು.

ಏಪ್ರಿಲ್‌ನಲ್ಲಿ ಅಜ್ಜಿ ಮಗಳ ಮನೆಯ ಹತ್ತಿರ, ಗ್ರೇಟ್ ಲಿನ್‌ಫೋರ್ಡ್ ಕಡೆಗೆ ಹೋಗುವುದು ಅಂತಾಯಿತು. ಹತ್ತೊಂಬತ್ತು ವರ್ಷ ಲಾಕ್ ತೆಗೆದವರು ಅವರು, ಚುಕ್ಕಾಣಿ ಹಿಡಿದವರು ಯಾವಾಗಲೂ ಅಜ್ಜ. ದೋಣಿ ಮಾರುತ್ತೀರಾ ಅಂತ ಯಾರೋ ದಾರಿಯಲ್ಲಿ ಹೋಗುವವರು ಕೇಳಿದ್ದಕ್ಕೆ ಅಜ್ಜಿ ಉತ್ತರವನ್ನೇ ಕೊಟ್ಟಿರಲಿಲ್ಲ. ನಾವು ಕಿಂಗ್‌ಫಿಷರನ್ನು ತುಂಗಾದ ಪಕ್ಕಕ್ಕೆ ತಂದು, ಮುಂದೆ ಹಿಂದೆ ಹಗ್ಗ ಬಿಗಿದು ಜೋಡಿ ಮಾಡಿದೆವು. ಎರಡೂ ಸೇರಿ 13 ಅಡಿ 8 ಇಂಚು, ಲಾಕಿನೊಳಗೆ ಎರಡೂ ಬದಿಗೆ ಅಂಗೈ ತೂರುವಷ್ಟೇ ಜಾಗ. ಒಂದೇ ಎಂಜಿನ್ನಿನಲ್ಲಿ ಇವರು ಎರಡನ್ನೂ ಸೋಲ್ಬರಿಯ ಮೂರು, ಸ್ಟೋಕ್ ಹ್ಯಾಮಂಡಿನ ಒಂದು ಲಾಕ್ ಇಳಿಸಿದರು. ಫೆನಿ ಸ್ಟ್ರಾಟ್‌ಫರ್ಡಿನ ಲಾಕ್ ಒಂದು ತಮಾಷೆ, ಇಳಿಯುವುದು ಒಂದಡಿ ಚಿಲ್ಲರೆ ಮಾತ್ರ. ಅದನ್ನು ದಾಟಿದರೆ ಮಿಲ್ಟನ್ ಕೀನ್ಸ್ ಸುತ್ತಿಕೊಂಡು ಹೋಗುವ ಉದ್ದನೆಯ ಮಟ್ಟಸ ನೀರು, ಒಂದೂ ಲಾಕ್ ಇಲ್ಲ.

ಅಲ್ಲಿ ಅಜ್ಜಿ, "ಹಗ್ಗ ಬಿಚ್ಚಿ" ಅಂದರು. ಅಜ್ಜ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು, ನಾನು ಪಕ್ಕದಲ್ಲಿ. ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಕಲಿಯುವಾಗ ತಲೆ ಕೆಡುತ್ತದೆ. ಮೊದಲ ಮೈಲಿಯಲ್ಲಿ ಎರಡು ಸಲ ದಡಕ್ಕೆ, ಒಂದು ಸಲ ಮರಕ್ಕೆ ತಾಗಿಸಿದರು. ಆಮೇಲೆ ದೋಣಿ ನೆಟ್ಟಗಾಯಿತು. ಗಂಟೆಗೆ ಮೂರು ಮೈಲಿ. ದಡದಲ್ಲಿ ಹೋಗುವ ಅಜ್ಜನೊಬ್ಬ ನಾಯಿಯ ಜೊತೆ ನಮ್ಮನ್ನು ಹಿಂದೆ ಹಾಕಿದ.

ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ನನ್ನ ಅಣ್ಣ ಹೋದ. ಎರಡನೇ ಅಲೆ. ಭಾರತ ಏಪ್ರಿಲ್ 23ರಿಂದ ಬ್ರಿಟನ್ನಿನ ರೆಡ್ ಲಿಸ್ಟಿನಲ್ಲಿತ್ತು. ಹೊರಟಿದ್ದರೂ ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಅತ್ತಿಗೆ ಫೋನಿನಲ್ಲಿ ಅಳಲೂ ಇಲ್ಲ. ಬಳಗದವರೆಲ್ಲ ಝೂಮಿನಲ್ಲಿ ಸೇರಿದರು, ಒಳ್ಳೆಯ ಮಾತಾಡಿದರು, ಪರದೆ ಆರಿತು. ಆಮೇಲಿನ ಆ ಮೌನವನ್ನು ಅನುಭವಿಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನಾವಾಗ ಗ್ರೇಟ್ ಲಿನ್‌ಫೋರ್ಡಿನಿಂದ ಎರಡು ಮೈಲಿ ಆಚೆ ಇದ್ದೆವು. ಮರುದಿನ ಬೆಳಿಗ್ಗೆ ಅಜ್ಜಿ ನಡೆದುಕೊಂಡೇ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಲೆಯ ಬೂದಿ ತೆಗೆದರು. ಹಾಸುವ ಪೈಪು ಎಲ್ಲಿದೆ ಅಂತ ಇವರನ್ನು ಕೇಳಿ ಟ್ಯಾಂಕಿಗೆ ನೀರು ಬಿಟ್ಟರು. ನೋಡನೋಡುತ್ತಿದ್ದಂತೆ, ಎಪ್ಪತ್ನಾಲ್ಕು ವರ್ಷದ ಆ ಜೀವ ನಮ್ಮ ಕ್ಯಾಸೆಟ್ ಎತ್ತಿಕೊಂಡು ದಡದಲ್ಲಿ ಹೊರಟೇ ಬಿಟ್ಟಿತು. ಇವರು ಹಿಂದೆ ಓಡಿದರು, ಕೊಡಲಿಲ್ಲ. ನನಗೆ ಅಳು ಬಂದಿದ್ದು ಆಗ.

ಕವೆಂಟ್ರಿಯಲ್ಲಿ ಮೂವತ್ತು ವರ್ಷ ಇದ್ದ ಬೀದಿಯಲ್ಲಿ ನನಗೆ ಎಲ್ಲರ ಹೆಸರೂ, ಕಾರಿನ ಬಣ್ಣವೂ ಗೊತ್ತಿತ್ತು. ಕಿಂಗ್‌ಫಿಷರ್‌ನವರ ಮನೆತನದ ಹೆಸರು ನಾನು ಓದಿದ್ದು ಅಂತ್ಯಕ್ರಿಯೆಯ ಕಾರ್ಡಿನಲ್ಲಿ. ಆದರೆ ಅವರು ಚಳಿಗಾಲದಲ್ಲಿ ವಾರಕ್ಕೆ ಎಷ್ಟು ಚೀಲ ಕಲ್ಲಿದ್ದಲು ಸುಡುತ್ತಾರೆ, ಅಜ್ಜನ ಇನ್‌ಹೇಲರ್ ಯಾವುದು, ಟ್ಯಾಂಕಿನ ನೀರು ಎಷ್ಟು ದಿನಕ್ಕೆ ಬರುತ್ತದೆ, ಚಿಮಣಿಯಲ್ಲಿ ಹೊಗೆ ಏಳುವುದು ಎಷ್ಟು ಗಂಟೆಗೆ, ಇದೆಲ್ಲ ಗೊತ್ತಿತ್ತು. ನಮ್ಮದೂ ಅವರಿಗೆ ಗೊತ್ತಿತ್ತು. ತೆಳು ಅಂದುಕೊಂಡಿದ್ದ ಗೆಳೆತನ ಹೊತ್ತ ಭಾರ ನೋಡಿದ ಮೇಲೆ ನಾನು ಆ ಪದ ಬಳಸುವುದು ಬಿಟ್ಟಿದ್ದೇನೆ.

ಬಾಡಿಗೆಯವರು ಮನೆ ಖಾಲಿ ಮಾಡಿದರೂ ನಾವು ವಾಪಸ್ ಹೋಗಲಿಲ್ಲ, ಬೇರೆಯವರಿಗೆ ಕೊಟ್ಟೆವು. ಇವರ ಮಂಡಿ ತಕರಾರು ಶುರು ಮಾಡಿದೆ, ಇನ್ನೆಷ್ಟು ವರ್ಷವೋ ನೋಡಬೇಕು. ಹಸಿರು ದೋಣಿಯವಳು ಬರ್ಮಿಂಗ್‌ಹ್ಯಾಮ್ ಕಡೆ ಹೋಗಿದ್ದಾಳೆ, ಆಕ್ಸಿಮೀಟರ್ ಅವಳ ಹತ್ತಿರವೇ ಇದೆ. ಅಜ್ಜಿ ಈಗಲೂ ಕಿಂಗ್‌ಫಿಷರ್‌ನಲ್ಲೇ ಇದ್ದಾರೆ. ಈ ಚಳಿಗಾಲ ನಾವು ಅವರಿಂದ ಮೂರು ಸೇತುವೆ ಆಚೆ ನಿಂತಿದ್ದೇವೆ. ನಾಳೆ ಶುಕ್ರವಾರ, ಬೇಳೆ ಸ್ವಲ್ಪ ಹೆಚ್ಚೇ ಬೇಯಿಸಬೇಕು.